ಎಚ್ಚರವಾಗದ ಯಂತ್ರ

ಸೊಕ್ಕಿದ್ದವನಿಗೆ ಯಾಣ, ರೊಕ್ಕವಿದ್ದವನಿಗೆ ಗೋಕರ್ಣ ಎಂಬ ಮಾತು ಉತ್ತರ ಕನ್ನಡ ಜಿಲ್ಲೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ದಟ್ಟವಾದ ಕಾಡು, ಜಿಗಣೆ, ಏರುದಾರಿ ಇವನ್ನೆಲ್ಲ ಲೆಕ್ಕಿಸದೆ ಹೊರಡುವವನಿಗೆ ಮೈಯಲ್ಲಿ ಕಸುವು ಇರಲೇಬೇಕಷ್ಟೆ. ಆದರೆ ಯಾಣದ ಶಿಖರಗಳಿಗೆ ಎರಡು ಮೈಲಿ ಈಚೆ, ಅಡಿಕೆ ತೋಟದ ಮೇಲುಭಾಗದ ಹಂಚಿನ ಮನೆಯಲ್ಲಿ ವಾಸವಾಗಿದ್ದ ಮಾಸ್ತರರಿಗೆ ಸೊಕ್ಕೂ ಇರಲಿಲ್ಲ, ರೊಕ್ಕವೂ ಇರಲಿಲ್ಲ. ಅವರಿಗಿದ್ದುದು ಪ್ರಾಥಮಿಕ ಶಾಲೆಯ ನಿವೃತ್ತಿವೇತನ, ಒಂದೂವರೆ ಎಕರೆ ತೋಟ ಮತ್ತು ಒಂದು ಕಂಪ್ಯೂಟರು.

ಈ ಕಂಪ್ಯೂಟರು 2010 ರಲ್ಲಿ ಮನೆಗೆ ಬಂದುದು. ಮಗನು ಬೆಂಗಳೂರಿನಿಂದ ತಂದು, ಜಗಲಿಯ ಮೂಲೆಯ ಮೇಜಿನ ಮೇಲೆ ಪ್ರತಿಷ್ಠೆ ಮಾಡಿ ಹೋದನು. ಮಾಸ್ತರರ ಮಡದಿ ಹಳೆಯ ಸೀರೆಯೊಂದನ್ನು ಕತ್ತರಿಸಿ ಅದಕ್ಕೆ ಮುಸುಕು ಹೊಲಿದರು. ಸಂಜೆ ದೀಪ ಹಚ್ಚಿದ ಬಳಿಕ ಆ ಮುಸುಕನ್ನು ಹೊದಿಸುವುದು ಆಕೆಯ ನಿತ್ಯಕರ್ಮಗಳಲ್ಲಿ ಒಂದಾಯಿತು. ಮಳೆಗಾಲದಲ್ಲಿ ಚಪ್ಪಲಿಯಿಂದ ಹಿಡಿದು ಪಂಚಾಂಗದವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ, ಎಂಟು ವರ್ಷಗಳ ಕಾಲ ಆ ಯಂತ್ರ ಕೆಡದೆ ನಡೆದುದಕ್ಕೆ ಆ ಸೀರೆಯ ಪುಣ್ಯವೂ ಸ್ವಲ್ಪ ಕಾರಣವಾಗಿದ್ದಿರಬೇಕು.

ಯಂತ್ರದೊಳಗೆ ಮಾಸ್ತರರು ಕೂಡಿಟ್ಟುದು ಮಾತುಗಳನ್ನು. ಕೊಟ್ಟೆ, ಹಾಳೆ, ದರಕು, ಸಂಕ, ಸೊಪ್ಪಿನ ಬೆಟ್ಟ - ಹೀಗೆ ತೋಟದಲ್ಲಿಯೂ ಕಾಡಿನಲ್ಲಿಯೂ ಜನರ ಬಾಯಲ್ಲಿದ್ದು, ಕೋಶಗಳಲ್ಲಿ ಸುಲಭವಾಗಿ ಸಿಕ್ಕದ ಶಬ್ದಗಳು. ಸಿಕ್ಕಿದರೂ ಅರ್ಥ ಬೇರೆ. ಅಡಿಕೆಯ ಗೊಂಚಲಿಗೆ ಇಲ್ಲಿ ‘ಕೊನೆ’ ಎನ್ನುತ್ತಾರೆ. ಬೆಂಗಳೂರಿನಿಂದ ಬಂದ ನೆಂಟರ ಹುಡುಗನೊಬ್ಬನು ‘ಕೊನೆ ಕೊಯ್ಲು’ ಎಂದರೆ ವರ್ಷದ ಕಟ್ಟಕಡೆಯ ಕೊಯ್ಲೆಂದು ತಿಳಿದು, ಮುಂದಿನ ತಿಂಗಳು ಮತ್ತೆ ಕೊನೆ ಕೊಯ್ಲಾದಾಗ ತಬ್ಬಿಬ್ಬಾದನಂತೆ. ಆ ದಿನವೇ ಮಾಸ್ತರರು ಈ ಸಂಗ್ರಹಕ್ಕೆ ಕೈಹಾಕಿದರು. ತೋಟದ ಮಾತುಗಳನ್ನು ಕೊನೆಗೌಡರೂ ಆಳುಗಳೂ ಹೇಳಿದರು. ಅಡಿಗೆಮನೆಯ ಮಾತುಗಳನ್ನು ಮಡದಿ ಹೇಳಿದರು. ಕನ್ನಡ ಗಣಕ ಪರಿಷತ್ತಿನವರ ‘ನುಡಿ’ಯಲ್ಲಿ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ, ಎರಡೇ ಬೆರಳುಗಳಿಂದ, ಅಕ್ಷರಕ್ಕೊಂದು ಕಡತದಂತೆ ಮಾಸ್ತರರು ಅವನ್ನು ಕುಟ್ಟುತ್ತ ಹೋದರು. 2015 ರಲ್ಲಿ ಮಡದಿ ತೀರಿಕೊಂಡರು. ಆಮೇಲೆಯೂ ಕುಟ್ಟುವುದು ನಿಲ್ಲಲಿಲ್ಲ. ಅಡಿಗೆಮನೆಯ ಮಾತುಗಳು ಮಾತ್ರ ಅಲ್ಲಿಗೇ ನಿಂತವು.

ಇದಕ್ಕೊಂದು ಪ್ರತಿ ತೆಗೆದಿಡಬೇಕೆಂದು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು ಬಂದಾಗಲೆಲ್ಲ ಹೇಳುತ್ತಿದ್ದಳು. ಆಗಲಿ, ಮುಂದಿನ ಸಲ ನೋಡೋಣ ಎಂದು ಮಾಸ್ತರರು ಪ್ರತಿಸಲವೂ ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಂಡುಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂಬ ಭ್ರಮೆ ಅಧ್ಯಾಪಕ ವರ್ಗದಲ್ಲಿ ತುಸು ಹೆಚ್ಚು.

2018 ರ ಆಷಾಢದಲ್ಲಿ ಒಂದು ರಾತ್ರಿ, ಅವರು ‘ಹ’ಕಾರವನ್ನು ತಿದ್ದುತ್ತಿದ್ದಾಗ, ಎಲ್ಲಿಯೋ ತಂತಿಯ ಮೇಲೆ ಮರ ಬಿದ್ದು ವಿದ್ಯುತ್ತು ಹೋಯಿತು. ಯಂತ್ರದ ಕೆಳಗಿದ್ದ ಯು.ಪಿ.ಎಸ್. ಪೆಟ್ಟಿಗೆಯ ಬ್ಯಾಟರಿ ಸತ್ತು ಎರಡು ಮಳೆಗಾಲಗಳಾಗಿದ್ದುದರಿಂದ ಅದು ಒಮ್ಮೆ ಕಿರ್ರೆಂದು ಸುಮ್ಮನಾಯಿತು. ಮರುದಿನ ಮಧ್ಯಾಹ್ನ ಬೆಳಕು ಬಂದಿತು. ಮಾಸ್ತರರು ಗುಂಡಿಯನ್ನು ಒತ್ತಿದರು. ಒಳಗಿನ ಪಂಖ ತಿರುಗಿತು. ಪರದೆಯ ಮೇಲೆ ತಯಾರಕರ ಮುದ್ರೆ ಮೂಡಿ ಮರೆಯಾಯಿತು. ಬಳಿಕ ನಾಲ್ಕು ಬಣ್ಣದ ಕಿಡಿಗಳು ಹಾರಿಬಂದು ಒಂದು ಕಿಟಕಿಯ ಆಕಾರವಾದವು. ಅಲ್ಲಿಗೆ ಎಲ್ಲವೂ ನಿಂತಿತು. ಮಾಸ್ತರರು ಸ್ನಾನ ಮಾಡಿ ಬಂದರು. ಕಿಟಕಿ ಹಾಗೆಯೇ ಇದ್ದಿತು. ಊಟ ಮಾಡಿ ಬಂದರು, ಹಾಗೆಯೇ ಇದ್ದಿತು. ಪೂರ್ತಿ ಕೆಟ್ಟುಹೋದ ವಸ್ತುವಿನ ಮುಂದೆ ಮನುಷ್ಯನು ಕೈಚೆಲ್ಲಿ ಕುಳಿತಾನು. ಅರ್ಧ ಎಚ್ಚರವಾಗಿ ಕಣ್ಣು ಬಿಟ್ಟುಕೊಂಡು ಮಾತಾಡದಿರುವ ವಸ್ತುವಿನ ಮುಂದೆ ಕುಳಿತುಕೊಳ್ಳುವುದು ಬಹು ಕಷ್ಟ. ಆರಿಸಿ ಮತ್ತೆ ಹಚ್ಚಿದರು. ಮತ್ತೆ ಅದೇ ಕಿಟಕಿ. ಸಾಯಂಕಾಲದ ಒಳಗೆ ಇಪ್ಪತ್ತು ಸಲವಾದರೂ ಆ ಕಿಡಿಗಳು ಹಾರಿಬಂದಿರಬೇಕು.

ರೋಗದ ಸುದ್ದಿ ಹರಡಿದೊಡನೆಯೆ ವೈದ್ಯರು ನೆರೆದರು. ಓಲ್ಟೇಜು ಸಾಲದೆಂದು ಒಬ್ಬರು, ವೈರಸ್ಸೆಂದು ಇನ್ನೊಬ್ಬರು, ಮಳೆಗಾಲದಲ್ಲಿ ಎಲ್ಲ ಯಂತ್ರಗಳೂ ಹೀಗೆಯೇ ಎಂದು ಮೂರನೆಯವರು. ಪಕ್ಕದ ಮನೆಯ ಎಂಟನೆಯ ತರಗತಿಯ ಮಾಣಿ, ತಲೆಗೆ ಒಂದು ಪೆಟ್ಟು ಕೊಟ್ಟು ನೋಡುವಾ ಎಂದನು. ಅವನ ಮನೆಯ ರೇಡಿಯೋ ಆ ಚಿಕಿತ್ಸೆಗೆ ಬಗ್ಗುತ್ತಿದ್ದುದು ನಿಜ.

ಮಾರನೆಯ ದಿನ ಮಾಸ್ತರರು ಯಂತ್ರದ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ಕು ಹೊದಿಸಿ, ಮಾಣಿಯ ತಲೆಯ ಮೇಲೆ ಹೊರಿಸಿಕೊಂಡು ಬಸ್ಸು ಹಿಡಿದು ಕುಮಟೆಗೆ ಹೋದರು. ಅಂಗಡಿಯ ಯುವಕನು ಪೆಟ್ಟಿಗೆಗೆ ತಂತಿ ಚುಚ್ಚಿ ಎರಡು ನಿಮಿಷ ನೋಡಿದನು.

“ಫಾರ್ಮ್ಯಾಟ್ ಮಾಡುವಾ ಸರ್. ಸಂಜೆಯೊಳಗೆ ಕೊಡ್ತೆ.”

“ಹಾಗೆಂದರೆ?”

“ಎಲ್ಲ ಒರೆಸಿ ಹೊಸದಾಗಿ ಹಾಕೂದು.”

“ಒಳಗಿರುವುದು?”

“ಅದು ಹೋಗ್ತದೆ.”

ಮಾಸ್ತರರು ಇನ್ನೊಂದು ಮಾತನ್ನೂ ಆಡದೆ ಪೆಟ್ಟಿಗೆಗೆ ಮತ್ತೆ ಕಂಬಳಿ ಸುತ್ತಿದರು. ಯುವಕನ ತಪ್ಪೆಂದು ಹೇಳುವಂತಿಲ್ಲ. ದಿನಕ್ಕೆ ಹತ್ತು ಪೆಟ್ಟಿಗೆಗಳು ಬರುವಲ್ಲಿ, ಬಹುಪಾಲು ಜನರಿಗೆ ಬೇಕಾದುದು ನಡೆಯುವ ಯಂತ್ರವೇ ಹೊರತು ಅದರೊಳಗಿನ ಮಾತುಗಳಲ್ಲ. ಆದರೆ ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯನ ಹತ್ತಿರ, ಮೂಗಿನ ಮೇಲೆ ಆಸೆಯುಳ್ಳವನು ನಿಲ್ಲಲಾರನು.

ಇನ್ನು ಉಳಿದವಳು ಮೊಮ್ಮಗಳು. ಅವಳೊಡನೆ ಮಾತಾಡುವುದೂ ಸುಲಭವಲ್ಲ. ಮನೆಯ ದೂರವಾಣಿಯ ತಂತಿ ಜೂನ್ ತಿಂಗಳಲ್ಲಿಯೇ ಹರಿದಿದ್ದಿತು. ಮೊಬೈಲಿಗೆ ಸಂಕೇತ ದೊರೆಯುವುದು ಮನೆಯ ಹಿಂದಿನ ದಿಬ್ಬದ ಮೇಲೆ, ಒಂದು ಹಲಸಿನ ಮರದ ಬುಡದಲ್ಲಿ ಮಾತ್ರ. ಯಂತ್ರವು ಜಗಲಿಯಲ್ಲಿ, ಧ್ವನಿ ದಿಬ್ಬದ ಮೇಲೆ, ನಡುವೆ ಧಾರಾಕಾರ ಮಳೆ. ಕಡೆಗೆ ಹೀಗೆ ಏರ್ಪಾಡಾಯಿತು: ಮಾಸ್ತರರು ಜಗಲಿಯಲ್ಲಿ ಯಂತ್ರದ ಮುಂದೆ ಕುಳಿತುಕೊಳ್ಳುವುದು, ಮಾಣಿಯು ಕಂಬಳಿಕೊಪ್ಪೆ ಹೊದ್ದು ದಿಬ್ಬಕ್ಕೂ ಜಗಲಿಗೂ ಓಡಾಡುವುದು. ರಾಮಾಯಣದಲ್ಲಿ ಹನುಮಂತನು ಲಂಕೆಗೆ ಹೋದುದು ಒಂದೇ ಸಲ. ಈ ಮಾಣಿ ಆ ದಿನ ಹದಿನೇಳು ಸಲ ಹೋದನು.

ಮೊಮ್ಮಗಳ ಮೊದಲನೆಯ ಪ್ರಶ್ನೆಗಾಗಿ ಮಾತ್ರ ಮಾಸ್ತರರೇ ಕೊಡೆ ಹಿಡಿದು ದಿಬ್ಬವನ್ನು ಹತ್ತಿದ್ದರು.

“ಅಜ್ಜ, ಎಂತಕ್ಕೆ ನಿಂತ್ತು ಹೇಳುದು ಆಮೇಲೆ. ಎಲ್ಲಿ ನಿಂತ್ತು ಹೇಳು.”

ಎಲ್ಲಿ ಎಂದರೇನೆಂದು ಮಾಸ್ತರರಿಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಗುಂಡಿ ಒತ್ತಿದೊಡನೆ ಈ ಯಂತ್ರವು ಒಮ್ಮೆಲೆ ಏಳುವುದಿಲ್ಲ. ಮೊದಲು ಗೋಡೆಯ 230 ಓಲ್ಟು ವಿದ್ಯುತ್ತನ್ನು ಒಂದು ಪೆಟ್ಟಿಗೆಯು ಹನ್ನೆರಡು, ಐದು, ಮೂರೂಕಾಲು ಓಲ್ಟುಗಳ ಆಸುಪಾಸಿಗೆ ಇಳಿಸಿ ಒಳಗಿನವರಿಗೆ ಬಡಿಸುತ್ತದೆ. ಆಮೇಲೆ ಮುಖ್ಯ ಹಲಗೆಯ ಮೇಲಿನ ಒಂದು ಪುಟ್ಟ ಬಿಲ್ಲೆ, ನಿದ್ದೆಯಿಂದೆದ್ದವನು ಕೈಕಾಲು ಮುಟ್ಟಿ ನೋಡಿಕೊಳ್ಳುವಂತೆ, ಸ್ಮರಣೆ ಇದೆಯೆ, ಕೀಲಿಮಣೆ ಇದೆಯೆ, ಡಿಸ್ಕು ಇದೆಯೆ ಎಂದು ಎಣಿಸುತ್ತದೆ. 1981 ರಲ್ಲಿ ಐ.ಬಿ.ಎಂ. ಕಂಪನಿಯವರ ಮೇಜಿನ ಮೇಲಿನ ಕಂಪ್ಯೂಟರು ಬಂದಾಗಿನಿಂದಲೂ ಈ ಸ್ವಪರೀಕ್ಷೆ ಇದೆ. ಎಲ್ಲವೂ ಸರಿಯಾಗಿದ್ದರೆ ಡಿಸ್ಕಿನ ಮೊದಲ ಚೂರನ್ನು ಓದುತ್ತದೆ. ಆ ಚೂರು ತನಗಿಂತ ದೊಡ್ಡದೊಂದನ್ನು ಎಬ್ಬಿಸುತ್ತದೆ. ಅದು ಇನ್ನೂ ದೊಡ್ಡದನ್ನು. ಇಂಗ್ಲಿಷಿನಲ್ಲಿ ಇದಕ್ಕೆ ಬೂಟ್ ಆಗುವುದು ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಮಾತಿನಿಂದ ಬಂದ ಶಬ್ದ. ನಮ್ಮಲ್ಲಿ ಬೂಟಿಲ್ಲದವರು ತಮ್ಮ ಜುಟ್ಟನ್ನು ಹಿಡಿದುಕೊಂಡರೂ ಆದೀತು.

“ಯಾಣಕ್ಕೆ ಹೋಪವ ಬಸ್ಸು ಇಳಿಯವು, ಕಾಡು ದಾಟವು, ಮೆಟ್ಟಿಲು ಹತ್ತವು, ಆಮೇಲೆ ಗುಹೆ. ಅಂವ ಮೆಟ್ಟಿಲ ಮೇಲೆ ಕುಂತಿದ್ರೆ ಬಸ್ಸು ತಪ್ಪಿತ್ತು ಹೇಳುಲೆ ಆಗ್ತಾ?”

ಈ ಉಪಮೆಯಿಂದ ಮಾಸ್ತರರಿಗೆ ಬಹಳ ಬೆಳಕಾಯಿತು. ಬಣ್ಣದ ಕಿಟಕಿಯವರೆಗೆ ಬಂದುದೆಂದರೆ ವಿದ್ಯುತ್ತು ಇದೆ, ಸ್ಮರಣೆ ಇದೆ, ಡಿಸ್ಕಿನ ಮೊದಲ ಭಾಗ ಓದಲು ಬರುತ್ತಿದೆ. ಊರಿನವರ ರೋಗನಿರ್ಣಯಗಳಲ್ಲಿ ಅರ್ಧ ಆ ಒಂದು ಪ್ರಶ್ನೆಗೇ ಬಿದ್ದುಹೋದವು.

ಎರಡನೆಯ ಆಜ್ಞೆಯನ್ನು ಮಾಣಿ ತಂದನು. ಮೊಮ್ಮಗಳು ಹೇಳಿದ್ದು, ಹಿಂದೆ ಚುಚ್ಚಿದ್ದನ್ನೆಲ್ಲ ತೆಗೆಯಬೇಕೆಂದು: ಪ್ರಿಂಟರು, ಪೆನ್ ಡ್ರೈವ್ ಮೊದಲಾದ ಹೊರಗಿನ ಸಾಮಾನುಗಳಲ್ಲಿ ಒಂದು ಕೆಟ್ಟಿದ್ದರೂ ಯಂತ್ರವು ಅದರ ಉತ್ತರಕ್ಕಾಗಿ ಕಾಯುತ್ತ ನಿಂತುಬಿಡುವುದುಂಟು. ಮಳೆಯಲ್ಲಿ ಓಡಿಬಂದ ಮಾಣಿಯ ಬಾಯಲ್ಲಿ ಅದು ‘ಹಿಂದಿನದನ್ನೆಲ್ಲ ತೆಗೆಯಬೇಕಂತೆ’ ಎಂದಾಯಿತು. ಕನ್ನಡದಲ್ಲಿ ಕಿತ್ತಿಡುವುದಕ್ಕೂ ತೆಗೆ ಎನ್ನುತ್ತೇವೆ, ಬಾಗಿಲು ತೆರೆಯುವುದಕ್ಕೂ ತೆಗೆ ಎನ್ನುತ್ತೇವೆ. ಶಬ್ದಾರ್ಥಗಳ ಸಂಗ್ರಹಕಾರರಾದ ಮಾಸ್ತರರೇ ಇಲ್ಲಿ ಎಡವಿದರು. ತಿರುಪು ತಿರುಗಿಸುವ ಸಲಕರಣೆಯನ್ನು ತಂದು ಪೆಟ್ಟಿಗೆಯ ಮಗ್ಗುಲನ್ನೇ ಬಿಚ್ಚಿದರು. ಅದೃಷ್ಟಕ್ಕೆ ಗೋಡೆಯ ತಂತಿಯನ್ನು ಮೊದಲು ಕಿತ್ತಿದ್ದರು.

ಒಳಗಿನ ನೋಟ ಮರೆಯುವಂಥದಲ್ಲ. ಯಾಣದ ನೆಲ ಕಪ್ಪಾಗಿರುವುದು ಭಸ್ಮಾಸುರನ ಬೂದಿಯಿಂದ ಎಂದು ಸ್ಥಳಪುರಾಣ ಹೇಳುತ್ತದೆ. ಶಿವನನ್ನು ಅಟ್ಟಿಸಿಕೊಂಡು ಬಂದ ಆ ಮಹಾಶಯನು ಮೋಹಿನಿಯೊಡನೆ ಕುಣಿಯುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ ಜಾಗವಂತೆ ಅದು. 120 ಮೀಟರು ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನೀ ಶಿಖರ ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಕಪ್ಪು ಸುಣ್ಣಶಿಲೆ ಸವೆದು ಹಾಗಾಗಿದೆಯೆಂದು ಭೂವಿಜ್ಞಾನಿಗಳ ಮತ. ಅದೇನಿದ್ದರೂ ಆ ಅಸುರನ ಬೂದಿಯಲ್ಲಿ ಒಂದು ಪಾಲು ಮಾಸ್ತರರ ಪೆಟ್ಟಿಗೆಯನ್ನು ಸೇರಿದ್ದಿತು. ಪಂಖದ ರೆಕ್ಕೆಗಳಿಗೆ ಕಪ್ಪು ಧೂಳು ಹೆಪ್ಪುಗಟ್ಟಿದ್ದಿತು. ಒಂದು ಮೂಲೆಯಲ್ಲಿ ಕುಂಬಾರಹುಳು ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿದ್ದಿತು. ತಂತಿಗಳ ಮೇಲೆ ಇರುವೆಗಳ ಸಾಲು.

ರೋಗ ಸಿಕ್ಕಿತೆಂದು ಮಾಸ್ತರರು ಹಿಗ್ಗಿದರು. ಅವರ ಹಿಗ್ಗಿಗೆ ಆಧಾರವೂ ಇಲ್ಲದಿಲ್ಲ. 1947 ರ ಸೆಪ್ಟೆಂಬರ್ 9 ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ದೈತ್ಯ ಗಣಕದ ಕೀಲೊಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತು. ಅಲ್ಲಿನವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ಹುಳು ಸಿಕ್ಕಿತೆಂದು ಬರೆದಿಟ್ಟರು. ಯಂತ್ರದ ದೋಷಕ್ಕೆ ಹುಳುವೆನ್ನುವ ರೂಢಿ ಅದಕ್ಕೂ ಹಿಂದಿನದು; ನಿಜವಾದ ಹುಳು ಸಿಕ್ಕಿದುದೇ ಅಂದಿನ ವಿನೋದ. ಆ ಪುಟ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಮಾಸ್ತರರ ಹುಳುವಿಗೆ ಅಂಥ ಗೌರವ ಲಭಿಸಲಿಲ್ಲ. ಬಣ್ಣ ಬಳಿಯುವ ಕುಂಚದಿಂದ ಗುಡಿಸಿ, ಸೈಕಲ್ಲಿನ ಪಂಪಿನಿಂದ ಗಾಳಿ ಊದಿ, ಗೂಡನ್ನು ಕಿತ್ತು, ಸ್ಮರಣೆಯ ಪಟ್ಟಿಗಳನ್ನು ಹೊರತೆಗೆದು ಅವುಗಳ ಹಿತ್ತಾಳೆಬಣ್ಣದ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿದರು. ಇದು ಮಾಣಿಯು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕಂಡುಬಂದ ವಿದ್ಯೆ. ಎಲ್ಲವನ್ನೂ ಮರಳಿ ಜೋಡಿಸಿ ಗುಂಡಿ ಒತ್ತಿದರು.

ಪರದೆ ಕಪ್ಪಾಗಿಯೇ ಉಳಿಯಿತು. ಪೆಟ್ಟಿಗೆಯೊಳಗಿಂದ ದೀರ್ಘವಾದ ಕೂಗು, ಒಂದಾದ ಮೇಲೊಂದು. ಮೊದಲು ಅರ್ಧ ದಾರಿಯವರೆಗಾದರೂ ಬರುತ್ತಿದ್ದುದು ಈಗ ಮನೆಯನ್ನೇ ಬಿಟ್ಟು ಹೊರಡಲೊಲ್ಲದು. ಮಾಣಿ ದಿಬ್ಬಕ್ಕೆ ಓಡಿದನು. ಅಲ್ಲಿಂದ ಮೊದಲು ಬೈಗುಳವೂ ಬಳಿಕ ಪರಿಹಾರವೂ ಬಂದವು: ಸ್ಮರಣೆಯ ಪಟ್ಟಿ ಪೂರ್ತಿ ಕುಳಿತಿಲ್ಲ, ಎರಡು ಕಡೆಯ ಕೊಕ್ಕೆಗಳು ಟಕ್ಕೆನ್ನುವವರೆಗೆ ಒತ್ತಬೇಕು. ಒತ್ತಿದರು. ಕಿಡಿಗಳು ಹಾರಿಬಂದು ಕಿಟಕಿಯಾಗಿ ಎಂದಿನಂತೆ ನಿಂತವು. ಹಳೆಯ ರೋಗವೇ ಮರಳಿ ಬಂದುದಕ್ಕಾಗಿ ಮಾಸ್ತರರು ಅಂದು ನಿಟ್ಟುಸಿರುಬಿಟ್ಟು ಸಂತೋಷಪಟ್ಟರು.

ಕೊಳೆ ಕಣ್ಣಿಗೆ ಕಂಡಿತು, ನಿಜ. ಆದರೆ ಕಂಡ ಕೊಳೆಯೇ ರೋಗವಾಗಿರಬೇಕೆಂದಿಲ್ಲ. ಪ್ರಿಂಟರು, ಪೆನ್ ಡ್ರೈವ್‌ಗಳನ್ನು ಈಗ ಸರಿಯಾದ ಅರ್ಥದಲ್ಲಿ ತೆಗೆದಿಟ್ಟರು, ಅದರಿಂದಲೂ ಫಲವಿಲ್ಲ. ಮುಂದಿನ ಆಜ್ಞೆ, ಕಿಟಕಿ ಮೂಡುವುದಕ್ಕೆ ಮುಂಚೆ ಕೀಲಿಮಣೆಯ ಎಫ್ 8 ನ್ನು ಬಿಡದೆ ತಟ್ಟಿ, ‘ಸೇಫ್ ಮೋಡ್’ ಎಂಬ ಸಾಲನ್ನು ಆರಿಸಬೇಕೆಂಬುದು. ಮಾಸ್ತರರಲ್ಲಿದ್ದ ವಿಂಡೋಸ್ 7 ರಲ್ಲಿ ಈ ಉಪಾಯ ನಡೆಯುತ್ತಿದ್ದಿತು. ಅದರಲ್ಲಿ ಯಂತ್ರವು ಆಭರಣಗಳನ್ನೆಲ್ಲ ಬಿಚ್ಚಿಟ್ಟು, ಅತ್ಯವಶ್ಯವಾದ ಪರಿವಾರದೊಡನೆ ಮಾತ್ರ ಏಳಲು ಯತ್ನಿಸುತ್ತದೆ. ಯಾರು ಯಾರು ಎದ್ದರೆಂದು ಪರದೆಯ ಮೇಲೆ ಹೆಸರುಗಳನ್ನು ಸಾಲಾಗಿ ಬರೆಯುತ್ತ ಹೋಗುತ್ತದೆ. ಹೆಸರುಗಳು ಸರಸರನೆ ಇಳಿದು ಒಂದು ಕಡೆ ನಿಂತವು. ಆ ಕೊನೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಮಾಣಿ ಓಡಿದನು. ಅಪರಾಧಿ ಸಿಕ್ಕಿದನೆಂದು ಇಬ್ಬರಿಗೂ ಉತ್ಸಾಹ.

ಆದರೆ ಮೊಮ್ಮಗಳು ಒಪ್ಪಲಿಲ್ಲ. ಕಡೆಗೆ ಬರೆಯಲ್ಪಟ್ಟ ಹೆಸರು ಎದ್ದುನಿಂತವನದು. ಏಳದವನು ಅವನ ಮುಂದಿನವನು, ಅವನ ಹೆಸರು ಪರದೆಯ ಮೇಲೆ ಇಲ್ಲವೇ ಇಲ್ಲ. ಈ ಮಾತು ಮಾಣಿಗೆ ಅರ್ಥವಾಗಲಿಲ್ಲ, ಮಾಸ್ತರರಿಗೆ ತಟ್ಟನೆ ಅರ್ಥವಾಯಿತು. ಮೂವತ್ತೆರಡು ವರ್ಷ ಹಾಜರಿ ಕೂಗಿದವರಲ್ಲವೆ? ‘ಹಾಜರ್’ ಎಂದು ಧ್ವನಿ ಕೊಟ್ಟ ಹುಡುಗನನ್ನು ಯಾವ ಮಾಸ್ತರನೂ ಹೊಡೆಯುವುದಿಲ್ಲ.

ಆಗ ಮೊಮ್ಮಗಳು ಇನ್ನೊಂದು ವಿಷಯ ಕೇಳಿದಳು. ಯಂತ್ರವು ನಿಂತಿರುವಾಗ ಅದರಿಂದ ಏನಾದರೂ ಸದ್ದು ಬರುತ್ತಿದೆಯೆ? ಮಳೆಯ ಗದ್ದಲದಲ್ಲಿ ಯಾರೂ ಗಮನಿಸಿರಲಿಲ್ಲ. ಮಾಸ್ತರರು ಕಿವಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದರು. ಪಂಖದ ಸದ್ದಿನ ಅಡಿಯಲ್ಲಿ, ಗಡಿಯಾರದಂತೆ ಆದರೆ ಗಡಿಯಾರಕ್ಕಿಂತ ನಿಧಾನವಾಗಿ, ಟಕ್... ಟಕ್... ಟಕ್. ಮಾಣಿಯು ಮೊಬೈಲನ್ನು ಪೆಟ್ಟಿಗೆಯ ಮಗ್ಗುಲಿಗೆ ಹಿಡಿದು ಒಂದು ನಿಮಿಷದ ಸದ್ದನ್ನು ಮುದ್ರಿಸಿಕೊಂಡು, ದಿಬ್ಬಕ್ಕೆ ಹೋಗಿ ಹುಬ್ಬಳ್ಳಿಗೆ ಕಳಿಸಿದನು. ಈ ಸಲ ಅವನು ಬಹಳ ಬೇಗ ಹಿಂದಿರುಗಿದನು.

“ಈಗಲೇ ಆರಿಸವಡ. ಮತ್ತೆ ಹಚ್ಚಲಾಗವಡ. ಒಂದು ಸಲವೂ.”

ಕಾರಣ ಆಮೇಲೆ ತಿಳಿಯಿತು. ಆ ಸದ್ದು ಡಿಸ್ಕಿನದು. ಅದರೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 7200 ಸಲ ಸುತ್ತುತ್ತಿರುತ್ತವೆ. ಓದುವ ಮೊನೆ ತಟ್ಟೆಯನ್ನು ಮುಟ್ಟುವುದಿಲ್ಲ. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಬರೆಯುತ್ತಿರುವಾಗ ಹಠಾತ್ತನೆ ವಿದ್ಯುತ್ತು ಹೋದರೆ, ಅದರಲ್ಲಿಯೂ ವಯಸ್ಸಾದ ಡಿಸ್ಕಿಗೆ, ಪೆಟ್ಟು ತಾಕುವುದುಂಟು. ಅಂಥ ಡಿಸ್ಕು ಓದಲಾರದ ಜಾಗಕ್ಕೆ ಬಂದಾಗ ಮೊನೆಯನ್ನು ಹಿಂದಕ್ಕೆಳೆದು ಮತ್ತೆ ಓದಲು ನೋಡುತ್ತದೆ, ಮತ್ತೆ, ಮತ್ತೆ. ಆ ಟಕ್ಕೆಂಬುದು ಅದೇ. ಯಂತ್ರ ನಿಂತಿರಲಿಲ್ಲ. ಬಾರದ ಉತ್ತರಕ್ಕಾಗಿ ಕಾಯುತ್ತಿದ್ದಿತು. ಪ್ರತಿಸಲ ಎಬ್ಬಿಸಲು ಹೋದಾಗಲೂ ಕೆಟ್ಟ ಜಾಗ ಇನ್ನಷ್ಟು ಕೆಡುವ ಸಂಭವವುಂಟು.

ಮಾಸ್ತರರು ಮನಸ್ಸಿನಲ್ಲಿಯೇ ಎಣಿಸಿದರು. ಮೊದಲ ದಿನ ಇಪ್ಪತ್ತು, ಕುಮಟೆಯಲ್ಲಿ ಎರಡು, ಈ ದಿನ ಹತ್ತಕ್ಕೆ ಕಡಿಮೆಯಿಲ್ಲ. ಆ ರಾತ್ರಿ ಅವರು ಯಂತ್ರಕ್ಕೆ ಸೀರೆಯ ಮುಸುಕನ್ನು ಹೊದಿಸಿದರು. ಮಡದಿ ಹೋದ ಮೇಲೆ ಆ ಕೆಲಸ ತಪ್ಪಿಹೋಗಿದ್ದಿತು.

ಭಾನುವಾರ ಮೊಮ್ಮಗಳು ಸಿರಸಿಯ ಮೇಲಿಂದ ಬಂದಳು. ಕಾಲಿನ ಜಿಗಣೆಗಳನ್ನು ಕಿತ್ತೆಸೆದು, ಒಂದು ಲೋಟ ಕಷಾಯ ಕುಡಿದು, ನೇರವಾಗಿ ಕೆಲಸಕ್ಕೆ ಕುಳಿತಳು. ಡಿಸ್ಕನ್ನು ಪೆಟ್ಟಿಗೆಯಿಂದ ಬಿಚ್ಚಿ, ಚಿಕ್ಕದೊಂದು ತಂತಿಯ ಮೂಲಕ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಆ ಲ್ಯಾಪ್‌ಟಾಪು ತನ್ನದೇ ಬೇರೆ ವ್ಯವಸ್ಥೆಯಿಂದ, ಲೈನಕ್ಸ್ ಎಂಬುದರಿಂದ, ಆಗಲೇ ಎದ್ದು ಕುಳಿತಿದ್ದಿತು. ಏಳಲಾರದ ಮುದುಕನಿಗೆ ಎದ್ದು ನಡೆಯೆಂದು ಹೇಳುವುದು ಒಂದು. ಮಲಗಿದಲ್ಲಿಂದಲೇ ಬೀಗದ ಕೈ ಎಲ್ಲಿದೆಯೆಂದು ಕೇಳಿಕೊಳ್ಳುವುದು ಇನ್ನೊಂದು. ಇಷ್ಟು ದಿನ ಮಾಸ್ತರರು ಮಾಡಿದುದು ಮೊದಲನೆಯದು.

ಅವಳು ಫೋಟೋಗಳನ್ನು ಮುಟ್ಟಲಿಲ್ಲ, ಮತ್ತೇನನ್ನೂ ಮುಟ್ಟಲಿಲ್ಲ. ಮೊದಲು ಶಬ್ದಗಳ ಕಡತಗಳು. ಅ ಬಂದಿತು, ಆ ಬಂದಿತು, ಇ, ಉ, ಎ. ‘ಕ’ಕ್ಕೆ ಬಹಳ ಹೊತ್ತು ಹಿಡಿಯಿತು, ಆದರೂ ಬಂದಿತು. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ‘ತ’ದ ಹತ್ತಿರ ಹಸಿರು ಗೆರೆ ನಿಂತಿತು. ಟಕ್, ಟಕ್. ಅವಳು ಕಾಯಲಿಲ್ಲ, ಅದನ್ನು ಬಿಟ್ಟು ಮುಂದೆ ಹೋದಳು. ದ, ನ, ಪ, ಬ, ಮ, ಕಡೆಗೆ ಆ ರಾತ್ರಿ ಅರ್ಧಕ್ಕೆ ನಿಂತಿದ್ದ ಹ. ಎಲ್ಲ ಬಂದ ಮೇಲೆ ಫೋಟೋಗಳು. ಅವೂ ಮುಗಿದ ಮೇಲೆ ‘ತ’ಕ್ಕೆ ಮರಳಿದಳು. ಮೂರು ಸಲ ಯತ್ನಿಸಿ, ನಾಲ್ಕನೆಯ ಸಲಕ್ಕೆ ಡಿಸ್ಕು ತನ್ನ ಹೆಸರನ್ನೇ ಹೇಳದಾದಾಗ, ತಂತಿಯನ್ನು ಕಿತ್ತಳು.

ಬಂದುದನ್ನಾದರೂ ನೋಡೋಣವೆಂದು ‘ಅ’ವನ್ನು ತೆರೆದರೆ ಅಲ್ಲಿ ಕನ್ನಡವೇ ಇರಲಿಲ್ಲ! ಇಂಗ್ಲಿಷಿನ ಅಕ್ಷರಗಳಿಗೆ ಕೊಂಬು ಬಾಲಗಳು ಹುಟ್ಟಿ ಸಾಲುಗಟ್ಟಿ ನಿಂತಿದ್ದವು. ಮಾಸ್ತರರ ಮುಖ ಬಿಳುಪೇರಿತು. ಆದರೆ ಅದು ಹಾನಿಯಲ್ಲ. ಹಳೆಯ ನುಡಿಯ ಬರಹವು, ಇಂದು ಎಲ್ಲೆಡೆ ನಡೆಯುವ ಯೂನಿಕೋಡಿನ ಕ್ರಮದಲ್ಲಿರದೆ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದು. ಆ ಅಚ್ಚುಮೊಳೆಯಿಲ್ಲದ ಯಂತ್ರದಲ್ಲಿ ಅದು ವೇಷ ಕಳಚಿದ ಪಾತ್ರಧಾರಿಯಂತೆ ಗುರುತು ಸಿಕ್ಕದು. ಡಿಸ್ಕಿನಿಂದ ಅದನ್ನೂ ತೆಗೆದಿಟ್ಟುಕೊಂಡಿದ್ದ ಮೊಮ್ಮಗಳು ತನ್ನ ಯಂತ್ರಕ್ಕೆ ಸೇರಿಸಿದಳು. ಸಾಲುಗಳು ಒಮ್ಮೆ ನಡುಗಿ ಕನ್ನಡವಾದವು. ಅಂಕಣ, ಅಟ್ಟ, ಅಪ್ಪೆಹುಳಿ. ಮಾಸ್ತರರು ಕನ್ನಡಕವನ್ನು ತೆಗೆದು ಒರೆಸಿಕೊಂಡರು.

‘ತ’ದಲ್ಲಿ ಇದ್ದುದು ತಂಬುಳಿ, ತೆಳ್ಳೇವು, ತೊಡದೇವು. ಬೋರಲಿಟ್ಟ ಗಡಿಗೆಯ ಕೆಳಗೆ ಬೆಂಕಿ ಮಾಡಿ, ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆಯಿಂದ ಎಳೆದು ತೊಡದೇವು ಮಾಡುವುದನ್ನು, ಬಟ್ಟೆ ಯಾವುದಿರಬೇಕೆಂಬುದರಿಂದ ಹಿಡಿದು, ಮಡದಿ ಒಂದು ಇಡೀ ಮಧ್ಯಾಹ್ನ ಹೇಳಿ ಬರೆಸಿದ್ದರು. ಯಾವ ಯಾವ ಸೊಪ್ಪಿನಿಂದ ತಂಬುಳಿಯಾಗುತ್ತದೆಂಬ ಪಟ್ಟಿಯೇ ಎರಡು ಪುಟ ಇದ್ದಿತು.

ದೊಡ್ಡ ಊರುಗಳಲ್ಲಿ ಧೂಳಿಲ್ಲದ ಕೋಣೆಯೊಳಗೆ ಡಿಸ್ಕಿನ ಹೊಟ್ಟೆ ಬಿಚ್ಚಿ ಓದುವವರಿದ್ದಾರೆ. ಆದರೆ ಖರ್ಚು ಹೊಸ ಕಂಪ್ಯೂಟರಿಗಿಂತ ಮೇಲಾಗಬಹುದು, ಸಿಕ್ಕಿಯೇ ಸಿಕ್ಕುತ್ತದೆಂಬ ಭರವಸೆಯೂ ಇಲ್ಲ ಎಂದು ಮೊಮ್ಮಗಳು ತಿಳಿಸಿದಳು. ಹಣ ತಾನು ಕೊಡುವೆನೆಂದು ಮಗನು ದಿಬ್ಬದ ಮೇಲಿನ ಮೊಬೈಲಿನಲ್ಲಿ ಹೇಳಿದನು. ಮಾಸ್ತರರು ಎರಡು ದಿನ ಯೋಚಿಸಿ, ಬೇಡವೆಂದರು. ಡಿಸ್ಕನ್ನು ಮಾತ್ರ ಎಸೆಯಗೊಡಲಿಲ್ಲ; ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಯಂತ್ರಕ್ಕೆ ಹೊಸ ಡಿಸ್ಕು ಬಂದಿತು. ಅದರಲ್ಲಿ ಸುತ್ತುವ ತಟ್ಟೆಗಳಿಲ್ಲ, ಸದ್ದಿಲ್ಲ. ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ಯಂತ್ರ ಎಚ್ಚರವಾಗುತ್ತದೆ. ಯು.ಪಿ.ಎಸ್.ಗೆ ಹೊಸ ಬ್ಯಾಟರಿಯೂ ಬಂದಿತು. ಕಡತಗಳ ಒಂದು ಪ್ರತಿ ಹುಬ್ಬಳ್ಳಿಯಲ್ಲಿ, ಒಂದು ಬೆಂಗಳೂರಿನಲ್ಲಿ, ಒಂದು ಅಕ್ಕಿಯ ಡಬ್ಬಿಯೊಳಗಿನ ಪೆನ್ ಡ್ರೈವ್‌ನಲ್ಲಿ. ಅಕ್ಕಿಯಲ್ಲಿ ಇಟ್ಟರೆ ತೇವ ತಾಕದೆಂಬುದು ಮಾಣಿಯ ಸಲಹೆ.

ಶ್ರಾವಣದ ಒಂದು ಬೆಳಗ್ಗೆ ಮಾಸ್ತರರು ಗೆರೆ ಹಾಕಿದ ನೋಟುಬುಕ್ಕನ್ನು ಹಿಡಿದು ಪಕ್ಕದ ಮನೆಯ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತರು. ಮಾಣಿಯ ಅಜ್ಜಿ ಒಲೆಯ ಮುಂದಿದ್ದರು. ಮೊದಲ ಪುಟದಲ್ಲಿ ‘ತೆಳ್ಳೇವು’ ಎಂದು ಬರೆದು, ತಮಗೆ ನೆನಪಿದ್ದ ವಿವರಣೆಯನ್ನು ಮಾಸ್ತರರು ಓದಿ ಹೇಳಿದರು. ಅಜ್ಜಿ ಸೌಟನ್ನು ಕೆಳಗಿಟ್ಟು ತಲೆಯಾಡಿಸಿದರು.

“ಹಾಂಗಲ್ಲ ಮಾಸ್ತರೆ. ಅಕ್ಕಯ್ಯ ಹಾಂಗೆ ಹೇಳ್ತಿತ್ತಿಲ್ಲೆ.”

“ಹಾಗಾದರೆ ಹೇಗೆ ಹೇಳುತ್ತಿದ್ದಳು?” ಎಂದು ಕೇಳಿ, ಮಾಸ್ತರರು ಬರೆದಿದ್ದುದನ್ನು ಹೊಡೆದುಹಾಕಿ ಹೊಸ ಸಾಲಿಗೆ ಪೆನ್ನಿಟ್ಟರು.